ಕೀಲಿ ತಿರುವಿದ ಮೇಲೆ ಮೂರು ಸೆಕೆಂಡು

ಬೆಳಗಿನ ಐದೂವರೆ. ಗಜೇಂದ್ರಗಡದ ನೇಕಾರರ ಓಣಿಗೆ ಇನ್ನೂ ನಲ್ಲಿ ನೀರು ಬಿಟ್ಟಿಲ್ಲ. ಮಹೇಶ್ವರಿ ಆಗಲೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಮಗ್ಗದ ಕುಣಿ ಅದು. ಅವರ ಮಾವ ಮೂವತ್ತು ವರ್ಷ ಅಲ್ಲಿಯೇ ಕುಳಿತು ಸೀರೆ ನೇಯ್ದವರು. ಅವರು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿದರು, ಕುಣಿ ಮುಚ್ಚಲಿಲ್ಲ. ಈಗ ಅದರ ಮೇಲೆ ಒಂದು ಹಲಗೆ ಅಡ್ಡ ಬಿದ್ದಿದೆ. ಹಲಗೆಯ ಮೇಲೆ ಸೋಲ್ಡರಿಂಗ್ ಐರನ್, ಭೂತಗನ್ನಡಿ, ಚಿಮಟ, ಒಂದು ಹಳೆಯ ಬ್ಯಾಟರಿ ಮತ್ತು ಹೊಟ್ಟೆ ಬಿಚ್ಚಿಕೊಂಡು ಮಲಗಿದ ಒಂದು ಟ್ರ್ಯಾಕ್ಟರ್ ಮೀಟರ್.

ಪಕ್ಕದ ಕುಣಿಯಲ್ಲಿ ಅತ್ತೆ ಸಿದ್ದಲಿಂಗವ್ವ ಇನ್ನೂ ನೇಯುತ್ತಾರೆ. ಒಂದೇ ಕೋಣೆ, ಒಂದು ಕಡೆ ಲಾಳಿಯ ಸಪ್ಪಳ, ಇನ್ನೊಂದು ಕಡೆ ಬೆಸುಗೆಯ ಹೊಗೆ. “ನಾ ಎಳಿ ಎಣಸ್ತೀನಿ, ಈಕಿ ತಂತಿ ಎಣಸ್ತಾಳ. ಇಬ್ಬರದೂ ಕಣ್ಣ ತಿನ್ನೂ ಉದ್ಯೋಗ,” ಎನ್ನುತ್ತಾರೆ ಕೈ ನಿಲ್ಲಿಸದೆ.

ಗಾಡಿ ಓಡಿಸುವವನ ಕಣ್ಣೆದುರು ಹೊಳೆಯುವ ಫಲಕಕ್ಕೆ ಇಲ್ಲಿ ಎಲ್ಲರೂ ಹೇಳುವುದು ಮೀಟರ್ ಎಂದೇ. ವೇಗ, ಕಿಲೋಮೀಟರು, ಡೀಸೆಲ್ಲು, ಎಂಜಿನ್ನಿನ ಬಿಸಿ ಎಲ್ಲ ಅದರಲ್ಲೇ. ಅದು ಕೆಟ್ಟರೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಗಾಡಿಯವರು ಬರುವುದು ಈ ಕುಣಿಗೆ. ದಿನಕ್ಕೆ ನಾಲ್ಕರಿಂದ ಐದು ಮೀಟರು, ಹನ್ನೊಂದು ವರ್ಷದಿಂದ. ಮನೆಯ ಮುಂದೆ ಒಂದು ಬೋರ್ಡೂ ಇಲ್ಲ. ಕಳೆದ ವರ್ಷ ಊರಲ್ಲಿ ಗಾಡಿ ಮಾಲೀಕರೆಲ್ಲ ಸೇರಿ ಸಮಾರಂಭ ಮಾಡಿದರು, ‘ವಾಹನ ಕ್ಷೇತ್ರದ ಸೇವೆ’ಗೆ ಶಾಲು ಹೊದಿಸಿದರು. ಶಾಲು ಹೋದದ್ದು ಹೊಸ ಮೀಟರ್ ಮಾರುವ ಅಂಗಡಿಯವರ ಹೆಗಲಿಗೆ. ಕೆಟ್ಟದ್ದನ್ನು ಎಸೆದು ಹೊಸದು ಕೊಡುವವರಿಗೆ ಶಾಲು, ಕೆಟ್ಟದ್ದನ್ನು ಬದುಕಿಸುವವರಿಗೆ ಹೊಗೆ. ಇವರ ಬಗ್ಗೆ ಬರೆಯಲು ಬಂದ ನನಗೆ ಇದರಿಂದ ಬರುವ ಸಿಟ್ಟು ಮಹೇಶ್ವರಿಯವರಿಗೆ ಬರುವುದಿಲ್ಲ. ಅವರ ಸಿಟ್ಟು ಬೇರೆ ಕಡೆಗೆ. ಅದನ್ನು ನಾನು ಅಂದು ಬೆಳಿಗ್ಗೆಯೇ ನೋಡಿದೆ.

ಆರು ಹೊಡೆಯುವ ಹೊತ್ತಿಗೆ ಓಣಿಯ ತುದಿಗೆ ಹಳದಿ ಬಣ್ಣದ ಶಾಲಾ ಗಾಡಿಯೊಂದು ಬಂದು ನಿಲ್ಲುತ್ತದೆ. ಚಾಲಕ ಶರಣಬಸಪ್ಪ ಗಾಡಿಯ ಮೀಟರು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಒಳಗೆ ಬರುತ್ತಾರೆ. ವಯಸ್ಸು ಐವತ್ತರ ಹತ್ತಿರ. ದಿನಾಲೂ ಸೂಡಿಯಿಂದ ಇಪ್ಪತ್ತೆರಡು ಮಕ್ಕಳನ್ನು ಗಜೇಂದ್ರಗಡದ ಶಾಲೆಗೆ ತಂದು ಮುಟ್ಟಿಸುವವರು ಅವರು.

“ಅಕ್ಕಾರ, ಬ್ರೇಕಿನ ಕೆಂಪ ದೀಪ ನಾಕ ದಿನದಿಂದ ಆರವಲ್ದು. ಪಾಸಿಂಗಿಗೆ ಹತ್ತ ದಿನ ಉಳದೈತಿ. ಹ್ಯಾಂಗರ ಮಾಡಿ ಆರಿಸಿ ತಾ ಅಂದಾರ ಮಾಲಕರು.”

ಮಾಲಕರು ಎಂದರೆ ಅಂದಾನಪ್ಪ. ಪೇಟೆಯ ವ್ಯಾಪಾರಿ, ಇಂಥ ಮೂರು ಗಾಡಿಗಳನ್ನು ಮಕ್ಕಳನ್ನು ಕರೆತರಲು ಬಿಟ್ಟಿದ್ದಾರೆ. ಪಾಸಿಂಗ್ ಎಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯವಿದೆಯೇ ಎಂದು ನೋಡುವ ಸರಕಾರಿ ತಪಾಸಣೆ. ಕೆಂಪು ದೀಪ ಉರಿಯುತ್ತಿದ್ದರೆ ಯಾರಾದರೂ ಕೇಳುತ್ತಾರೆ. ಆದ್ದರಿಂದ ದೀಪ ಆರಬೇಕು. ಅಂದಾನಪ್ಪನವರ ವಿಚಾರ ಅಷ್ಟಕ್ಕೇ ಮುಗಿದಿದೆ.

ಮಹೇಶ್ವರಿ ಮೀಟರಿನ ಸ್ಕ್ರೂ ಬಿಚ್ಚುತ್ತಾರೆ, ಬ್ಯಾಟರಿಗೆ ಜೋಡಿಸಿ ಒಂದೊಂದೇ ದೀಪ ಹತ್ತಿಸಿ ಆರಿಸಿ ನೋಡುತ್ತಾರೆ. ಹತ್ತು ನಿಮಿಷದ ಮೇಲೆ ಎದ್ದು ಗಾಡಿಯ ತನಕ ಹೋಗಿ, ಬಾನೆಟ್ ಎತ್ತಿಸಿ, ಬ್ರೇಕ್ ಆಯಿಲ್ ಇರುವ ಡಬ್ಬಿಗೆ ಟಾರ್ಚು ಹಿಡಿದು ನೋಡುತ್ತಾರೆ. ಎಣ್ಣೆ ಗೆರೆಗಿಂತ ಎರಡು ಬೆರಳು ಕೆಳಗಿದೆ.

“ಮೀಟರ್ ಗುಂಡಕಲ್ಲ ಇದ್ದಂಗ ಐತಿ ಅಣ್ಣಾರ. ದೀಪ ಖರೇನ ಹೇಳಾಕತ್ತೈತಿ. ಎಣ್ಣಿ ಎಲ್ಲೋ ಸೋರಾಕತ್ತೈತಿ. ಗಾಲಿ ಬಿಚ್ಚಿಸಿ ನೋಡ್ರಿ.”

“ಅದನ್ನ ನಾನೂ ಹೇಳೀನ್ರಿ. ಗಾಲಿ ಬಿಚ್ಚಿದ್ರ ಎರಡ ದಿನ ಗಾಡಿ ನಿಲ್ಲತೈತಿ, ಸದ್ಯಕ್ಕ ದೀಪ ಅಷ್ಟ ಆರಸು ಅಂದ್ರು.”

“ಕೂಸು ಅಳಾಕತ್ರ ಯಾಕ ಅಳತೈತಿ ಅಂತ ನೋಡ್ತೀರೋ, ಬಾಯಿಗೆ ಅರಿವಿ ತುರಕತೀರೋ?” ಮಹೇಶ್ವರಿಯ ದನಿ ಏರುವುದಿಲ್ಲ. ಏರದ್ದಕ್ಕೇ ಕೇಳುವವರ ಮುಖ ಕೆಳಗಾಗುತ್ತದೆ. “ನಾ ಆರಸೂದಿಲ್ಲ. ಬ್ಯಾರೆ ಯಾರ ಕಡೆನೂ ಆರಸಬ್ಯಾಡ್ರಿ.”

ಶರಣಬಸಪ್ಪನವರಿಗೆ ಇದು ಅನ್ನದ ಪ್ರಶ್ನೆ. ಮಹೇಶ್ವರಿ ಮೀಟರು ಮುಚ್ಚುವ ಮೊದಲು ಅತ್ತೆಯ ಮಗ್ಗದ ಕಡೆ ಕೈ ಚಾಚಿ ಒಂದೆಳೆ ಕೆಂಪು ನೂಲು ತೆಗೆದುಕೊಳ್ಳುತ್ತಾರೆ. ಒಳಗಿನ ಒಂದು ಪ್ಲಾಸ್ಟಿಕ್ ಗೂಟಕ್ಕೆ ಅದನ್ನು ಕಟ್ಟಿ, ಸ್ಕ್ರೂ ಬಿಗಿದು, ಟವೆಲ್ಲಿನಲ್ಲಿ ಸುತ್ತಿ ಮರಳಿ ಕೊಡುತ್ತಾರೆ.

ಈ ದಾರ ಅವರದೇ ಪದ್ಧತಿ. ಬಿಚ್ಚಿದ ಪ್ರತಿ ಮೀಟರಿನೊಳಗೂ ಒಂದೆಳೆ ಬಿಟ್ಟು ಮುಚ್ಚುತ್ತಾರೆ. ಹಸಿರು ಇದ್ದರೆ ಮೀಟರು ಕೆಟ್ಟಿತ್ತು, ಸರಿ ಮಾಡಿದ್ದೇನೆ ಎಂದರ್ಥ. ಕೆಂಪು ಇದ್ದರೆ ಮೀಟರು ಸರಿಯಿದೆ, ಕೆಟ್ಟಿರುವುದು ಗಾಡಿ, ನಾನೇನೂ ಮುಟ್ಟಿಲ್ಲ ಎಂದರ್ಥ. ಹಾಕುವುದು ನೇಕಾರರ ಗಂಟು, ಮಗ್ಗದ ಉದ್ದ ಹಾಸಿನಲ್ಲಿ ಹರಿದ ಎಳೆ ಕೂಡಿಸುವಾಗ ಹಾಕುವಂಥದು. ಮಗ್ಗದ ಮನೆಯವರಿಗಲ್ಲದೆ ಬೇರೆಯವರಿಗೆ ಅಷ್ಟು ಸಣ್ಣಗೆ ಬರುವುದಿಲ್ಲ. ಈ ಭಾಗದ ಚಾಲಕರಿಗೆಲ್ಲ ಇದು ಗೊತ್ತು. ಹಳೆಯ ಗಾಡಿ ಕೊಳ್ಳುವವರು ಮೀಟರು ಬಿಚ್ಚಿ ಮೊದಲು ದಾರದ ಬಣ್ಣ ನೋಡುವುದೂ ಉಂಟು.

ಮೀಟರ್ ಎಂದರೆ ಬರೀ ಮುಳ್ಳು, ಬಣ್ಣದ ದೀಪ ಎಂದುಕೊಂಡವರಲ್ಲಿ ನಾನೂ ಒಬ್ಬ. ಮಹೇಶ್ವರಿ ಆ ಟ್ರ್ಯಾಕ್ಟರ್ ಮೀಟರನ್ನು ಸರಿಸಿ, ಹೊಸ ನಮೂನೆಯ ಒಂದನ್ನು ಮುಂದಿಟ್ಟು ತೋರಿಸುತ್ತಾರೆ. ಹಿಂದೆ ಗಾಲಿಯಿಂದ ಒಂದು ತಿರುಗುವ ತಂತಿ ಬಂದು ಮುಳ್ಳನ್ನು ಎಳೆಯುತ್ತಿತ್ತು. ಈಗ ಅದಿಲ್ಲ. ಗಾಲಿ ಎಷ್ಟು ಸಲ ತಿರುಗಿತು ಎಂದು ಗಾಲಿಯ ಹತ್ತಿರದ ಸೆನ್ಸರ್ ಎಣಿಸುತ್ತದೆ. ಎಂಜಿನ್ನಿಗೆ ಒಂದು ಕಂಪ್ಯೂಟರ್, ಬ್ರೇಕಿಗೆ ಇನ್ನೊಂದು. ಎಲ್ಲವೂ ಒಂದಕ್ಕೊಂದು ಹೆಣೆದ ಎರಡೇ ತಂತಿಗಳ ಮೇಲೆ ಸೆಕೆಂಡಿಗೆ ನೂರಾರು ಸುದ್ದಿ ಕಳಿಸುತ್ತಲೇ ಇರುತ್ತವೆ. ಮೀಟರಿನ ನಡುವೆ ಕೂತ ಕರಿ ಚಿಪ್ಪು ಅದನ್ನೆಲ್ಲ ಕೇಳಿಸಿಕೊಂಡು ತನಗೆ ಬೇಕಾದ್ದನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಅದು ಹೇಳಿದಷ್ಟೇ ಮುಳ್ಳನ್ನು ತಿರುಗಿಸುವುದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಒಂದು ಮೋಟಾರು. ಪಕ್ಕದ ಇನ್ನೊಂದು ಪುಟ್ಟ ಚಿಪ್ಪಿನಲ್ಲಿ ಗಾಡಿ ಓಡಿದ ಕಿಲೋಮೀಟರು ಬರೆದಿರುತ್ತದೆ. ಬ್ಯಾಟರಿ ಬಿಚ್ಚಿಟ್ಟರೂ ಅದು ಅಳಿಯುವುದಿಲ್ಲ.

“ತೋರಸೂದ ಅಷ್ಟ ಅಲ್ರಿ ಇದರ ಕೆಲಸ. ತಿರುಗೂ ಮುಂದ ಕೈ ತೋರಸೂ ದೀಪ ಹಾಕಿದ್ರ ಟಿಕ್ ಟಿಕ್ ಅಂತೈತಲ್ರಿ, ಭಾಳ ಗಾಡ್ಯಾಗ ಆ ಸಪ್ಪಳ ಮಾಡೂದೂ ಮೀಟರ್ರ. ಬೆಲ್ಟ ಹಾಕ್ಕೊಳ್ಳಿಲ್ಲಂದ್ರ ಒದರೂದೂ ಇದ. ಕೆಲವು ಗಾಡ್ಯಾಗ ಕೀಲಿ ನಮ್ಮದೋ ಕಳ್ಳರದೋ ಅಂತ ಗುರ್ತ ಹಿಡಿಯೂದೂ ಇದ. ಇದು ಒಲ್ಲೆ ಅಂದ್ರ ಎಂಜಿನ್ ಚಾಲೂನ ಆಗೂದಿಲ್ಲ.”

ಈ ವಿದ್ಯೆ ಕಲಿಸಿದವರು ರೋಣದ ಕಾಶೀಂಸಾಬ. ರೇಡಿಯೊ ರಿಪೇರಿಯಿಂದ ಮೀಟರಿಗೆ ಬಂದವರು. ಮಹೇಶ್ವರಿಯ ಗಂಡ ಸರಕು ಸಾಗಿಸುವ ಗಾಡಿ ಓಡಿಸುತ್ತಾರೆ. ಒಮ್ಮೆ ಅದರ ಮೀಟರು ಸತ್ತಾಗ ನಗರದ ಶೋರೂಮಿನವರು ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು ಎಂದರು. ಗಂಡ ಹೆಂಡತಿ ಅದನ್ನು ಹೊತ್ತು ಕಾಶೀಂಸಾಬರ ಹತ್ತಿರ ಹೋದರು. ಮುದುಕರು ಬಿಟ್ಟುಕೊಂಡಿದ್ದ ಒಂದೇ ಒಂದು ಬೆಸುಗೆಯನ್ನು ಹುಡುಕಿ ಹಾಕಿದರು, ಮೀಟರು ಎದ್ದಿತು. ಆದರೆ ಬೆಸುಗೆ ಹಾಕುವಾಗ ಅವರ ಕೈ ನಡುಗುತ್ತಿತ್ತು. ಮಹೇಶ್ವರಿ ಕೇಳಿಯೇಬಿಟ್ಟರು, ನನಗೆ ಕಲಿಸುತ್ತೀರೇನು ಎಂದು. ಎರಡು ವರ್ಷ, ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ರೋಣಕ್ಕೆ ಹೋಗಿ ಬಂದರು. ಕಾಶೀಂಸಾಬರಿಗೆ ಈಗ ಕಣ್ಣು ಕಾಣುವುದಿಲ್ಲ. “ಅಜ್ಜಾರು ಒಂದ ಮಾತ ಹೇಳ್ಯಾರ್ರಿ. ಮೀಟರ್ ಸುಳ್ಳ ಹೇಳೂದಿಲ್ಲ ಬೇಟಿ, ಸುಳ್ಳ ಹೇಳಸೂದು ನಾವು ಅಂತ. ಅದನ್ನ ಮಾಡಬಾರ್ದು ಅಂತ ಕೈ ಮ್ಯಾಲೆ ಕೈ ಹಾಕಿಸ್ಕೊಂಡಾರ.”

ಕಲಿಯುವುದು ಕಷ್ಟವಾಗಲಿಲ್ಲ, ನಂಬಿಸುವುದು ಕಷ್ಟವಾಯಿತು. ಮೊದಮೊದಲು ಬಂದ ಗಾಡಿಯವರು ಬಾಗಿಲಲ್ಲೇ ನಿಂತು ‘ಗಂಡಸರಿಲ್ಲೇನು’ ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಡುತ್ತಿದ್ದವರು ಸಿದ್ದಲಿಂಗವ್ವ. “ಅದಾನೋ ತಮ್ಮಾ, ಗಾಡಿ ಹೊಡ್ಯಾಕ ಹೋಗ್ಯಾನ. ನಿನ್ನ ಮೀಟರ್ ಅವನ ಕೈಯಾಗ ಕೊಟ್ರ ನೀ ಊರ ಮಟಾ ನಡಕೋತ ಹೋಗಬೇಕಾಗತೈತಿ ನೋಡು.” ಅತ್ತೆಯ ಬಾಯಿಂದಲೇ ಅರ್ಧ ಗಿರಾಕಿ ಉಳಿದುಕೊಂಡರು ಎಂದು ಸೊಸೆ ನಗುತ್ತಾರೆ. ಬಲಗೈ ತೋರುಬೆರಳಿನ ತುದಿ ಸುಟ್ಟು ಸುಟ್ಟು ಈಗ ಅಲ್ಲಿ ಬಿಸಿ ತಿಳಿಯುವುದಿಲ್ಲ. ಸಂಜೆ ನಾಲ್ಕರ ಮೇಲೆ ಕಣ್ಣು ದಣಿದು ಸಣ್ಣ ಬೆಸುಗೆ ಸಿಕ್ಕುವುದಿಲ್ಲ, ಅದಕ್ಕೇ ಬೆಳಕು ಹರಿಯುವ ಮೊದಲೇ ಕೆಲಸ ಶುರು.

ಮೀಟರು ಕೆಡುವುದು ಹೇಗೆ ಎಂದು ಕೇಳಿದರೆ ಅವರಿಗೆ ಮತ್ತೆ ಸಿಟ್ಟು ಬರುತ್ತದೆ. ನಮ್ಮ ರಸ್ತೆಗಳ ಕುಣಿತಕ್ಕೆ ಬೆಸುಗೆ ಬಿರಿಯುತ್ತದೆ. ಎರೆಮಣ್ಣಿನ ಧೂಳು ಸಂದಿಗೆ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಭಕ್ತಿ. ಅಮಾವಾಸ್ಯೆಗೆ ಗಾಡಿ ತೊಳೆದು, ಕಾಯಿ ಒಡೆದು, ಆ ನೀರನ್ನು ಮೀಟರಿನ ಮೇಲೇ ಹಾಕುತ್ತಾರೆ. ಗಾಜಿನ ಮೇಲೆ ವಿಭೂತಿ ಮೂರು ಬೆರಳು, ನಡುವೆ ಕುಂಕುಮ. “ಅಮಾಸಿ ಮರುದಿನ ನನ್ನ ಹಲಗಿ ಮ್ಯಾಲ ಜಾಗಾ ಇರೂದಿಲ್ರಿ. ಒಳಗ ನೋಡಿದ್ರ ಕಾಯಿ ನೀರ ಬತ್ತಿ, ತಾಮ್ರ ಎಲ್ಲಾ ಹಸರ ಆಗಿರತೈತಿ. ದೇವರಿಗೆ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಟಾಯರಿಗೆ ಹಾಕ್ರಿ. ಒಬ್ಬಾಂವ ದೇವರ ಸ್ಟಿಕ್ಕರ್ ತಂದು ಸೀದಾ ಎಂಜಿನ್ ಆಯಿಲ್ ದೀಪದ ಮ್ಯಾಲ ಹಚ್ಚಿದ್ದ. ದೀಪ ಹತ್ತಿದ್ದ ಕಾಣಲಿಲ್ಲ, ಎಂಜಿನ್ ಸೀದ ಹೋತು. ಮತ್ತ ದೇವರಿಗೇ ಬೈದ.”

ಅವರು ಹೀಗೆ ಮಾತಾಡುವಾಗ ನನಗೆ ಒಳಗೊಳಗೇ ಇರುಸುಮುರುಸು. ನನ್ನ ಕಾರಿನ ಮೀಟರಿನಲ್ಲೂ ಎರಡು ತಿಂಗಳಿನಿಂದ ಒಂದು ಹಳದಿ ದೀಪ ಉರಿಯುತ್ತಿದೆ. ಕಾರು ಓಡುತ್ತದಲ್ಲ ಎಂದು ಸುಮ್ಮನಿದ್ದೇನೆ. ಓಣಿಗೆ ತರದೆ ಬಸ್ ಸ್ಟ್ಯಾಂಡಿನ ಹತ್ತಿರವೇ ನಿಲ್ಲಿಸಿ ಬಂದಿದ್ದೆ. ಅಂದು ಆ ಮಾತನ್ನು ಎತ್ತದೆ ಮನೆಗೆ ಹೋದೆ.

ಆರನೆಯ ದಿನ ಸಂಜೆ ಅವರ ಫೋನು. “ಸರ, ಆ ಸಾಲಿ ಗಾಡಿ ದೀಪ ಆರಸ್ಯಾರಂತ. ಶರಣಬಸಪ್ಪಣ್ಣಾರು ಪ್ಯಾಟ್ಯಾಗ ಸಿಕ್ಕಿದ್ರು. ಗಾಲಿ ಬಿಚ್ಚಿಸಿದ್ರೇನು ಅಂದೆ, ಇಲ್ಲ ಅಂದ್ರು. ಅಂದಾನಪ್ಪನವರಿಗೆ ಎರಡ ಸಲ ಫೋನ್ ಮಾಡೀನಿ, ನಿನ್ನ ಕೆಲಸ ನೀ ನೋಡ್ಕೋ ಅಂದ್ರು. ನಾಳೆ ಮುಂಜಾನೆ ನಾ ಸೂಡಿಗೆ ಹೊಂಟೀನಿ. ಬರೂದಿದ್ರ ಬರ್ರಿ.”

ಮರುದಿನ ಏಳು ಗಂಟೆಗೆ ನಾನು ಸೂಡಿ ಮುಟ್ಟಿದಾಗ ಮೊದಲ ಬಸ್ಸಿಗೆ ಬಂದಿಳಿದ ಮಹೇಶ್ವರಿ ನಿಲ್ದಾಣದ ಕಟ್ಟೆಯ ಹತ್ತಿರ ನಿಂತಿದ್ದಾರೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಸ್ಕ್ರೂಡ್ರೈವರು. ಹಳದಿ ಗಾಡಿ ನಿಂತಿದೆ, ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಲು ತಯಾರು. ಮಹೇಶ್ವರಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವರು ಮಾತಾಡಿದ್ದು ಚಾಲಕರ ಜೊತೆಗಲ್ಲ, ಬಿಡಲು ಬಂದ ತಾಯಂದಿರ ಜೊತೆ.

“ಅಕ್ಕಾರ, ಒಂದ ನಿಮಿಷ ಇಲ್ಲಿ ಬಂದ ಎಣಸ್ರಿ. ಕೀಲಿ ತಿರುವಿದ ಕೂಡ್ಲೆ ಮೀಟರ್ ತನ್ನ ಎಲ್ಲಾ ದೀಪ ಒಮ್ಮೆ ಹತ್ತಿಸಿ ತೋರಸತೈತಿ. ನನ್ನ ದೀಪ ಎಲ್ಲಾ ಜೀವಂತ ಅದಾವ ಅಂತ ಹೇಳಿದಂಗ. ಮೂರ ಸೆಕೆಂಡ್ ಅಷ್ಟ. ಈ ಗಾಡ್ಯಾಗ ಒಂಬತ್ತ ಹತ್ತಬೇಕು. ಯಾವುದು ಹತ್ತೂದಿಲ್ಲೋ ಅದನ್ನ ಕೊಂದಾರ ಅಂತ ತಿಳೀರಿ.”

ಮೊದಲು ಮುಂದೆ ಬಂದವರು ಉಮಾಶ್ರೀ, ಎರಡನೆಯ ತರಗತಿಯ ಶೈಲಶ್ರೀಯ ತಾಯಿ. ಚಾಲಕರ ಸೀಟಿನ ಪಕ್ಕ ಬಾಗಿ ನಿಲ್ಲುತ್ತಾರೆ. ಶರಣಬಸಪ್ಪ ಕೀಲಿ ತಿರುವುತ್ತಾರೆ. ಉಮಾಶ್ರೀ ಬೆರಳು ಮಡಿಚುತ್ತಾರೆ.

“ಎಂಟ.”

“ಇನ್ನೊಮ್ಮೆ ತಿರುವ್ರಿ,” ಎನ್ನುತ್ತಾರೆ ಮಹೇಶ್ವರಿ.

“ಎಂಟ ಐತ್ರಿ. ಎಷ್ಟ ಸಲ ನೋಡಿದ್ರೂ ಎಂಟ.”

ಮಹೇಶ್ವರಿ ಹ್ಯಾಂಡ್ ಬ್ರೇಕ್ ಎಳೆಯಲು ಹೇಳುತ್ತಾರೆ. ಅದನ್ನು ಎಳೆದಾಗ ಹತ್ತಬೇಕಾದದ್ದೂ ಅದೇ ಕೆಂಪು ದೀಪ. ಆ ಜಾಗ ಕತ್ತಲೆ. ಉಮಾಶ್ರೀ ಮಗಳ ಕೈ ಹಿಡಿದು ಕಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾರೆ, ಉಳಿದವರೂ ಹಾಗೇ ಮಾಡುತ್ತಾರೆ. ಯಾರೋ ಅಂದಾನಪ್ಪನವರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿಯುತ್ತಾರೆ.

“ಆ ಮೀಟರ್ ಬಿಚ್ಚಿದಾಕಿ ಮಹೇಶ್ವರಿನ. ದೀಪ ಕೆಡಿಸಿದ್ರ ಆಕಿನ ಕೆಡಿಸ್ಯಾಳ. ಈಗ ಬಂದು ನಾಟಕ ಮಾಡಾಕತ್ತಾಳ,” ಎನ್ನುತ್ತದೆ ಫೋನು.

ನಾನು ಅನೇಕ ಸುಳ್ಳು ಕೇಳಿದ್ದೇನೆ. ಇಪ್ಪತ್ತೆರಡು ಮಕ್ಕಳು ಎದುರಿಗೆ ನಿಂತಿರುವಾಗ ಇಷ್ಟು ಸಲೀಸಾಗಿ ಹೇಳಿದ ಸುಳ್ಳು ಕೇಳಿದ್ದಿಲ್ಲ. ತಾಯಂದಿರ ಮುಖ ಮಹೇಶ್ವರಿಯ ಕಡೆ ತಿರುಗಿತು. ಆ ಕ್ಷಣದಲ್ಲಿ ಅವರು ಹನ್ನೊಂದು ವರ್ಷ ಗಳಿಸಿದ ಹೆಸರು ಹೋಗುವುದಿತ್ತು. ಅವರು ಚೀಲದಿಂದ ಸ್ಕ್ರೂಡ್ರೈವರು ತೆಗೆದು ಚಾಲಕರ ಕೈಗೆ ಕೊಟ್ಟರು. “ಅಣ್ಣಾರ, ನೀವ ಬಿಚ್ರಿ. ನಾ ಮುಟ್ಟೂದಿಲ್ಲ.”

ಶರಣಬಸಪ್ಪ ಮೀಟರನ್ನು ಹೊರಗೆ ತೆಗೆದು, ಕಟ್ಟೆಯ ಮೇಲಿಟ್ಟು ನಾಲ್ಕು ಸ್ಕ್ರೂ ಬಿಚ್ಚಿದರು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಕೆಂಪು ನೂಲು, ಕಟ್ಟಿದಲ್ಲೇ ಇದೆ, ನೇಕಾರರ ಗಂಟು. ಅದರಿಂದ ನಾಲ್ಕು ಬೆರಳು ಆಚೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ದೀಪ ಇರಬೇಕಾದಲ್ಲಿ ಕೆರೆದ ಗುರುತು. ದೀಪವನ್ನೇ ಕಿತ್ತು ತೆಗೆದಿದ್ದರು.

ಎಲ್ಲರೂ ದಾರ ನೋಡುತ್ತಿರುವಾಗ ಶರಣಬಸಪ್ಪ ಫೋನಿನ ಹತ್ತಿರ ಬಾಯಿ ತಂದರು. “ಮಾಲಕರ, ಅಕ್ಕಾರು ಒಲ್ಲೆ ಅಂದ ಮ್ಯಾಲೆ ನೀವ ಹೇಳಿದ ಕಡೆ ಇದನ್ನ ಒಯ್ದ ಆರಿಸಿ ತಂದಾಂವ ನಾನ. ಆಕಿ ಕೆಂಪ ದಾರ ಕಟ್ಟಿ ಕೊಟ್ಟಿದ್ದನ್ನ ನಾ ಕಣ್ಣಾರೆ ನೋಡೀನಿ. ಕೀಲಿ ಉಮಾಶ್ರೀ ಅವ್ರ ಕೈಯಾಗ ಕೊಡಾಕತ್ತೀನಿ. ಗಾಲಿ ಬಿಚ್ಚೂ ಮಟಾ ನಾ ಈ ಗಾಡಿ ಹೊಡಿಯೂದಿಲ್ಲ.” ಆಮೇಲೆ ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಮಕ್ಕಳು ಅಂದು ಸರಕಾರಿ ಬಸ್ಸಿಗೆ ಹೋದರು. ಹತ್ತು ಗಂಟೆಗೆ ಮೆಕ್ಯಾನಿಕ್ ಬಂದು ಹಿಂದಿನ ಎಡಗಾಲಿ ಕಳಚಿದ. ಒಳಗೆಲ್ಲ ಬ್ರೇಕ್ ಎಣ್ಣೆ ಹರಿದು ಒದ್ದೆ. ಇನ್ನು ಎಷ್ಟು ದಿನ ತಡೆಯುತ್ತಿತ್ತು ಎಂದು ಕೇಳಿದೆ. “ದಿನ ಕೇಳಬ್ಯಾಡ್ರಿ,” ಎಂದ. ಮಹೇಶ್ವರಿ ಆ ಗಾಲಿಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಅತ್ತುಬಿಟ್ಟರು, ಸಿಟ್ಟಿನಿಂದ.

ಇದಾಗಿ ಮೂರು ವಾರ. ಶಾಲೆಯವರು ಬಂದು ಒಂದು ಮಾತೂ ಹೇಳಿಲ್ಲ. ಅಂದಾನಪ್ಪ ಗಾಲಿ ಸರಿ ಮಾಡಿಸಿದ್ದಾರೆ, ಶರಣಬಸಪ್ಪನವರನ್ನು ಕೆಲಸದಿಂದ ಬಿಡಿಸಬೇಕೆಂದಿದ್ದರು, ಸೂಡಿಯ ತಾಯಂದಿರು ಬಿಡಲಿಲ್ಲ. ಮಹೇಶ್ವರಿ ಹತ್ತಿರ ಹೋಗಬೇಡಿ ಎಂದು ಅಂದಾನಪ್ಪ ನಾಲ್ಕಾರು ಗಾಡಿ ಮಾಲೀಕರಿಗೆ ಹೇಳಿದ್ದಾರಂತೆ. ಹಲಗೆಯ ಮೇಲೆ ಈಗ ದಿನಕ್ಕೆ ಎರಡು ಮೂರೇ ಮೀಟರು. “ಬರೂದಿಲ್ಲಂದ್ರ ಬಿಡವಲ್ರ್ಯಾಕ. ನಾ ಈಕಿಗೆ ಸೀರಿ ನೇಯೂದ ಕಲಸ್ತೀನಿ,” ಎನ್ನುತ್ತಾರೆ ಸಿದ್ದಲಿಂಗವ್ವ. ಸೊಸೆ ನಗಲಿಲ್ಲ.

ಏನು ಆಸೆ ಇದೆ ನಿಮಗೆ ಎಂದು ಕೊನೆಗೆ ಕೇಳುತ್ತೇನೆ. ಬೋರ್ಡು, ಒಂದು ಒಳ್ಳೆಯ ಭೂತಗನ್ನಡಿ, ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

“ನನಗೇನ ಬೇಕ್ರಿ. ಸೂಡ್ಯಾಗ ಈಗ ದಿನಾ ಮುಂಜಾನೆ ಕೀಲಿ ತಿರುವಿಸಿ ಎಣಿಸಿ ಆಮ್ಯಾಲೆ ಹುಡುಗರನ್ನ ಹತ್ತಸ್ತಾರಂತ. ಅಷ್ಟ ಎಲ್ಲಾ ಕಡೆ ಆದ್ರ ಸಾಕ. ಮೂರ ಸೆಕೆಂಡ್ ಸುಮ್ನ ಕುಂತು ನೋಡಾಕ ಏನ ಧಾಡಿ ಜನಕ್ಕ?”

ಈ ಸಲ ನಾನು ಕಾರನ್ನು ಓಣಿಯ ತುದಿಯ ತನಕ ತಂದಿದ್ದೆ. ಬೀಳ್ಕೊಡಲು ಬಂದ ಮಹೇಶ್ವರಿ ಕಾರಿನ ಕಿಟಕಿಯ ಹತ್ತಿರ ನಿಲ್ಲುತ್ತಾರೆ. ಕೀಲಿ ತಿರುವುತ್ತೇನೆ. ದೀಪಗಳು ಒಟ್ಟಿಗೆ ಹತ್ತುತ್ತವೆ, ಒಟ್ಟಿಗೆ ಆರುತ್ತವೆ. ಒಂದು ಹಳದಿ ಮಾತ್ರ ಆರುವುದಿಲ್ಲ. ಅವರು ನನ್ನ ಮುಖ ನೋಡುತ್ತಾರೆ.

“ಎಷ್ಟ ದಿನಾತ್ರಿ ಇದು?”

“ಮೂರು ತಿಂಗಳು. ಬರುವ ವಾರ ತಂದು ತೋರಿಸುತ್ತೇನೆ.”

ಮಹೇಶ್ವರಿ ಕಿಟಕಿಯೊಳಗೆ ಕೈ ಹಾಕಿ ಕೀಲಿ ಕಿತ್ತುಕೊಳ್ಳುತ್ತಾರೆ.

“ಇಳೀರಿ ಸರ.”